ಗೆಳೆತನದ ಋಣ, ಲೆಕ್ಕದ ಪುಸ್ತಕ

ನಿಷ್ಠೆ ತನ್ನಷ್ಟಕ್ಕೆ ತಾನೇ ಧರ್ಮವೇ, ಅಥವಾ ಅದು ಯಾರಿಗೆ ಸಲ್ಲುತ್ತದೆ, ಯಾರ ಖರ್ಚಿನಲ್ಲಿ ಸಲ್ಲುತ್ತದೆ ಎಂಬುದರಿಂದ ಅದರ ಬೆಲೆ ನಿಗದಿಯಾಗುತ್ತದೆಯೇ? ಕುರುಕ್ಷೇತ್ರದ ಕಥೆ ಕೇಳಿ ಬೆಳೆದವರಿಗೆ ಇದು ಹೊಸ ಪ್ರಶ್ನೆಯಲ್ಲ. ಆದರೆ ಕಾವ್ಯದೊಳಗೆ ಇಟ್ಟು ನೋಡುವಾಗ ಉತ್ತರ ಸಲೀಸಾಗಿ ಸಿಕ್ಕಿಬಿಡುತ್ತದೆ. ಕರ್ಣನಿಗಾಗಿ ಎರಡು ಹನಿ ಕಣ್ಣೀರು ಹಾಕಿ ಗ್ರಂಥ ಮುಚ್ಚಬಹುದು. ವಿದ್ಯುತ್ ಬಿಲ್ಲು, ಸಲಹೆಗಾರರ ಗುತ್ತಿಗೆ, ಶಾಸನಸಭೆಯ ಮೊಗಸಾಲೆ ಇವುಗಳ ನಡುವೆ ಇಟ್ಟರೆ ಅದೇ ಪ್ರಶ್ನೆ ಹೆಚ್ಚು ಬಿಸಿಯಾಗಿ ಕೈಗೆ ತಗಲುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಮೈಕೆಲ್ ಮೆಕ್‌ಕ್ಲೇನ್ ಅವರ ಸಾರ್ವಜನಿಕ ಬದುಕು ಅಂಥ ಒಂದು ಕಣ. ಶಾಸಕರಾಗಿದ್ದವರು, ಸೋತ ಮೇಲೆ ವಕೀಲಿಕೆ ಮತ್ತು ಲಾಬಿಯನ್ನೇ ಉದ್ಯೋಗ ಮಾಡಿಕೊಂಡವರು, ಕೊನೆಗೆ ಆರೋಪಿಯಾಗಿ ಕಟಕಟೆಯಲ್ಲಿ ನಿಂತವರು. ಈ ಹಾದಿಯುದ್ದಕ್ಕೂ ಅವರನ್ನು ನಡೆಸಿದ್ದು ಹಣದಾಸೆಗಿಂತ ಹೆಚ್ಚಾಗಿ ಒಬ್ಬ ಗೆಳೆಯನ ಮೇಲಿನ ನಿಷ್ಠೆ. ಅದಕ್ಕೇ ಈ ಪ್ರಕರಣವನ್ನು ಬರೀ ಭ್ರಷ್ಟಾಚಾರ ಎಂದು ತಳ್ಳಿಹಾಕಲಾಗುವುದಿಲ್ಲ.

ಮಿಸಿಸಿಪಿ ನದಿಯ ದಡದ ಕ್ವಿನ್ಸಿ ಪಟ್ಟಣದವರಾದ ಮೆಕ್‌ಕ್ಲೇನ್ ಎಪ್ಪತ್ತರ ದಶಕದ ಆರಂಭದಲ್ಲಿ ಇಲಿನಾಯ್ ಪ್ರತಿನಿಧಿ ಸಭೆಗೆ ಬಂದರು. ಅವರ ತಂದೆಯೂ ಅದೇ ಸದನದಲ್ಲಿ ಕೂತಿದ್ದವರು. ಅಲ್ಲಿ ಅವರಿಗೆ ಷಿಕಾಗೋದ ಮೈಕೆಲ್ ಮ್ಯಾಡಿಗನ್ ಅವರ ಸ್ನೇಹವಾಯಿತು. 1982ರ ಚುನಾವಣೆಯಲ್ಲಿ ಮೆಕ್‌ಕ್ಲೇನ್ ಸೋತರು. ಸದನದ ಸ್ಥಾನಗಳನ್ನು 177ರಿಂದ 118ಕ್ಕೆ ಇಳಿಸಿದ ತಿದ್ದುಪಡಿಯ ನಂತರದ ಮೊದಲ ಚುನಾವಣೆ ಅದು. 1983ರ ಜನವರಿಯಲ್ಲಿ ಮ್ಯಾಡಿಗನ್ ಸ್ಪೀಕರ್ ಆದರು. ನಡುವಿನ ಎರಡು ವರ್ಷ ಬಿಟ್ಟರೆ 2021ರವರೆಗೂ ಆ ಪೀಠ ಅವರದೇ. ಅಮೆರಿಕದ ಯಾವ ರಾಜ್ಯದಲ್ಲೂ ಒಬ್ಬರು ಅಷ್ಟು ದೀರ್ಘ ಕಾಲ ಸದನವನ್ನು ಆಳಿದ್ದಿಲ್ಲ. ಹೀಗೆ ಒಬ್ಬ ಗೆಳೆಯ ಸದನದ ಒಳಗೆ ಉಳಿದರು, ಇನ್ನೊಬ್ಬರು ಬಾಗಿಲ ಹೊರಗೆ ನಿಂತರು. ಹೊರಗೆ ನಿಂತವರ ಮುಖ್ಯ ಕಕ್ಷಿದಾರ ಕಾಮನ್‌ವೆಲ್ತ್ ಎಡಿಸನ್, ಜನರ ಬಾಯಲ್ಲಿ ಕಾಮ್‌ಎಡ್. ಉತ್ತರ ಇಲಿನಾಯ್‌ನ ಸುಮಾರು 40 ಲಕ್ಷ ಗ್ರಾಹಕರಿಗೆ ವಿದ್ಯುತ್ ಮುಟ್ಟಿಸುವ ಈ ಕಂಪನಿಯ ದರವೂ ಲಾಭವೂ ಶಾಸನಸಭೆ ಮಾಡುವ ಕಾಯ್ದೆಯನ್ನು ಅವಲಂಬಿಸಿದ್ದವು. 2011ರಲ್ಲಿ ರಾಜ್ಯಪಾಲರ ನಿರಾಕರಣೆಯನ್ನು ಮೀರಿ ಅಂಗೀಕಾರವಾದ ಕಾಯ್ದೆ ದರ ನಿಗದಿಯ ಕ್ರಮವನ್ನೇ ಕಂಪನಿಗೆ ಅನುಕೂಲವಾಗುವಂತೆ ಬದಲಿಸಿತು. 2011ರಿಂದ 2019ರವರೆಗೆ ಕಂಪನಿ ಮ್ಯಾಡಿಗನ್ ಅವರಿಗೆ ಬೇಕಾದ ಕೆಲವರಿಗೆ, ಬೇರೊಂದು ಸಲಹಾ ಸಂಸ್ಥೆಯ ಮೂಲಕ, ಸುಮಾರು 13 ಲಕ್ಷ ಡಾಲರ್ ಕೊಟ್ಟಿತು. ಅವರು ಮಾಡಿದ ಕೆಲಸ ಅಲ್ಪ, ಅಥವಾ ಏನೂ ಇಲ್ಲ. 2020ರ ಜುಲೈನಲ್ಲಿ ಕಂಪನಿ ಇದನ್ನು ಒಪ್ಪಿಕೊಂಡು 20 ಕೋಟಿ ಡಾಲರ್ ದಂಡ ಕಟ್ಟಲು ಮುಂದಾಯಿತು. ತನಗೆ ನಿರೀಕ್ಷಿತವಾಗಿದ್ದ ಪ್ರಯೋಜನ 15 ಕೋಟಿ ಡಾಲರಿಗೂ ಹೆಚ್ಚು ಎಂಬುದನ್ನೂ ಒಪ್ಪಿತು. ಯಾರಿಗೆ ಏನು ಸಲ್ಲಬೇಕು ಎಂಬ ಸಂದೇಶವನ್ನು ಸ್ಪೀಕರ್ ಕಡೆಯಿಂದ ಕಂಪನಿಗೆ ಮುಟ್ಟಿಸುತ್ತಿದ್ದವರು ಮೆಕ್‌ಕ್ಲೇನ್ ಎಂಬುದು ಆರೋಪ. 2023ರ ಮೇ ತಿಂಗಳಲ್ಲಿ ಜ್ಯೂರಿ ಅವರನ್ನೂ ಇನ್ನು ಮೂವರನ್ನೂ ಅಪರಾಧಿಗಳೆಂದಿತು; 2025ರ ಜುಲೈನಲ್ಲಿ ಅವರಿಗೆ ಎರಡು ವರ್ಷದ ಸೆರೆವಾಸ ವಿಧಿಸಲಾಯಿತು. ಮ್ಯಾಡಿಗನ್ ಅವರ ಪ್ರತ್ಯೇಕ ವಿಚಾರಣೆಯಲ್ಲಿ ಮೆಕ್‌ಕ್ಲೇನ್ ಮೇಲಿದ್ದ ಆರೂ ಆರೋಪಗಳ ಬಗ್ಗೆ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ನಾನು ಎತ್ತುವ ಪ್ರಶ್ನೆ ತೀರ್ಪುಗಳ ಮೇಲಾಗಲಿ ಮೇಲ್ಮನವಿಗಳ ಫಲದ ಮೇಲಾಗಲಿ ನಿಂತಿಲ್ಲ. ಅದು ನಿಂತಿರುವುದು 2016ರ ಕೊನೆಯಲ್ಲಿ, ಲಾಬಿಯ ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ, ಮೆಕ್‌ಕ್ಲೇನ್ ತಮ್ಮ ಗೆಳೆಯನಿಗೆ ಬರೆದ ಪತ್ರದ ಮೇಲೆ.

ಆ ಪತ್ರ ವಿಚಾರಣೆಯಲ್ಲಿ ಎಲ್ಲರೆದುರು ಬಂತು. ಏನೇ ಆದರೂ ತಾನು ಸೇತುವೆಯ ಮೇಲೆ ಕೋವಿ ಹಿಡಿದು ಮ್ಯಾಡಿಗನ್ ಕುಟುಂಬದ ಪರವಾಗಿ ನಿಂತಿರುವವನು, ಎಂದಿಗೂ ಅವರ ಪಕ್ಕ ಬಿಡುವವನಲ್ಲ ಎಂಬುದು ಅದರ ಸಾರ. ಕನ್ನಡದ ಓದುಗನಿಗೆ ಈ ಮಾತು ಪರಕೀಯವಾಗಿ ಕೇಳಿಸುವುದಿಲ್ಲ. ಒಡೆಯನಿಗಾಗಿ ಜೀವ ತೆತ್ತವರ ವೀರಗಲ್ಲುಗಳು ನಮ್ಮ ಊರ ಬಾಗಿಲುಗಳಲ್ಲಿ ಇಂದಿಗೂ ನಿಂತಿವೆ. ಉಂಡ ಜೋಳದ ಋಣ ತೀರಿಸುವುದು ಎಂಬ ಮೌಲ್ಯದ ಸುತ್ತ ಪಂಪನ ಕಾಲದ ಕಾವ್ಯ ಬೆಳೆದಿದೆ. ಪಂಪನ ಕರ್ಣ ನಮ್ಮನ್ನು ಹಿಡಿದು ನಿಲ್ಲಿಸುವುದು ಅವನ ಪರಾಕ್ರಮಕ್ಕಾಗಿ ಅಲ್ಲ. ಹುಟ್ಟಿನ ಗುಟ್ಟು ತಿಳಿದ ಮೇಲೂ, ಸಿಂಹಾಸನವೇ ಕೈಗೆ ಬರುವಂತಿದ್ದರೂ, ಗೆಳೆಯನನ್ನು ಬಿಡಲಿಲ್ಲ ಎಂಬುದಕ್ಕಾಗಿ. ಹಾಗಾಗಿ ಮೆಕ್‌ಕ್ಲೇನ್ ಪತ್ರವನ್ನು ಓದಿ ತುಚ್ಛವಾಗಿ ಕಾಣುವುದು ಪ್ರಾಮಾಣಿಕತೆಯಲ್ಲ. ಅಧಿಕಾರದಲ್ಲಿದ್ದವನ ಸುತ್ತ ಸುಳಿಯುವ ಗುಂಪು ಅಧಿಕಾರ ಹೋದ ದಿನವೇ ಚದುರುವುದನ್ನು ಕಂಡವರಿಗೆ, ನಾಲ್ಕು ದಶಕ ಒಬ್ಬನ ಬದಿಗೇ ನಿಂತ ಮನುಷ್ಯನಲ್ಲಿ ಏನೋ ಒಂದು ಹಿರಿದಾದದ್ದು ಕಾಣುತ್ತದೆ. ಅದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಕರ್ಣನಿಗೂ ಈ ಲಾಬಿಗಾರನಿಗೂ ಒಂದು ವ್ಯತ್ಯಾಸವಿದೆ. ಕರ್ಣ ಯಾರ ಪರ ಎಂಬುದು ರಣರಂಗದ ಎರಡೂ ಬದಿಗೆ ಗೊತ್ತಿತ್ತು. ಅವನ ಧ್ವಜ ಕೌರವರ ಸೇನೆಯಲ್ಲೇ ಹಾರುತ್ತಿತ್ತು, ಅವನ ಬಾಣ ಎಲ್ಲಿಂದ ಬಂತೆಂದು ಎದುರಿನವರು ಊಹಿಸಬೇಕಾಗಿರಲಿಲ್ಲ. ತಪ್ಪು ಪಕ್ಷದಲ್ಲಿದ್ದ ಎನ್ನಬಹುದು, ಪಕ್ಷ ಮರೆಸಿದ ಎನ್ನಲಾಗದು. ಮೆಕ್‌ಕ್ಲೇನ್ ಅವರಾದರೋ ಸಂಭಾವನೆ ಪಡೆದದ್ದು ವಿದ್ಯುತ್ ಕಂಪನಿಯಿಂದ, ನೋಂದಾಯಿಸಿಕೊಂಡದ್ದು ಅದರ ಲಾಬಿಗಾರರಾಗಿ. ಅವರ ನಿಜವಾದ ಕಕ್ಷಿದಾರ ಸ್ಪೀಕರ್ ಎಂಬುದೇ ಪ್ರಾಸಿಕ್ಯೂಷನ್ನಿನ ವಾದದ ತಿರುಳು. ದೂರವಾಣಿ ಸಂಭಾಷಣೆಗಳಲ್ಲಿ ಅವರು ಮ್ಯಾಡಿಗನ್ ಅವರ ಹೆಸರು ಎತ್ತುತ್ತಿದ್ದದ್ದೇ ಕಡಿಮೆ; ‘ನಮ್ಮ ಗೆಳೆಯ’ ಎನ್ನುತ್ತಿದ್ದರು. ಬೇರೊಬ್ಬರ ಪರವಾಗಿ ನಿಲ್ಲುವುದನ್ನೇ ವೃತ್ತಿಯಾಗಿ ಕೈಗೊಂಡವನ ಮೊದಲ ಋಣ, ತಾನು ಯಾರ ಪರ ಎಂದು ತೆರೆದು ಹೇಳುವುದು. ಶಾಸಕ ಮತದಾರರ ಪರ, ವಕೀಲ ಕಕ್ಷಿದಾರನ ಪರ, ಲಾಬಿಗಾರ ತನ್ನನ್ನು ನೇಮಿಸಿಕೊಂಡವರ ಪರ. ಮೂರೂ ಗೌರವದ ಕೆಲಸಗಳೇ. ನಿಷ್ಠೆ ಇವುಗಳಲ್ಲಿ ಗುಣವಾಗುವುದು ಅದರ ವಿಳಾಸ ಎದುರಿನವರಿಗೆ ಗೊತ್ತಿರುವಾಗ ಮಾತ್ರ. ವಿಳಾಸ ಮರೆಸಿದ ನಿಷ್ಠೆ ಎಷ್ಟೇ ಆಳವಾಗಿರಲಿ, ಅದು ನಂಬಿದ ಉಳಿದೆಲ್ಲರಿಗೂ ಮಾಡುವ ದ್ರೋಹವಾಗುತ್ತದೆ. ನನ್ನ ವಾದ ಇಷ್ಟೇ, ಮತ್ತು ಇದು ಕಾನೂನಿನ ವಾದವಲ್ಲ.

ಅದೇ ರಾಜ್ಯದ, ಅದರ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನ ಇನ್ನೊಬ್ಬ ಶಾಸಕ-ವಕೀಲರನ್ನು ಪಕ್ಕಕ್ಕಿಟ್ಟರೆ ಇದು ಸ್ಪಷ್ಟವಾಗುತ್ತದೆ. ಅಬ್ರಹಾಂ ಲಿಂಕನ್ 1834ರಲ್ಲಿ ಇಲಿನಾಯ್ ಶಾಸನಸಭೆಗೆ ಆಯ್ಕೆಯಾದರು, ಶಾಸಕರಾಗಿದ್ದಾಗಲೇ 1836ರಲ್ಲಿ ವಕೀಲಿಕೆಯ ಪರವಾನಗಿ ಪಡೆದರು, ಮುಂದೆ ಇಲಿನಾಯ್ ಸೆಂಟ್ರಲ್ ರೈಲ್ವೆಯಂಥ ದೊಡ್ಡ ಕಂಪನಿಗೆ ವಾದಿಸಿದರು. ಆ ರೈಲ್ವೆಗೆ ರಾಜ್ಯ ಕೊಟ್ಟಿದ್ದ ತೆರಿಗೆ ವಿನಾಯಿತಿಯನ್ನು ಕೌಂಟಿಗಳು ಪ್ರಶ್ನಿಸಿದ್ದವು. 1853ರಲ್ಲಿ ಆ ವ್ಯಾಜ್ಯ ಏಳುವ ಹೊತ್ತಿಗೆ ಲಿಂಕನ್ ಮೊದಲು ಬರೆದದ್ದು ಒಂದು ಕೌಂಟಿಯ ಅಧಿಕಾರಿಗೆ. ಈ ವಿಷಯದಲ್ಲಿ ನಿಮ್ಮ ಕಡೆಯವರು ನನ್ನೊಡನೆ ಮೊದಲೇ ಮಾತಾಡಿದ್ದೀರಿ, ನನ್ನ ಮೇಲೆ ಮೊದಲ ಹಕ್ಕು ನಿಮ್ಮದು, ನೇಮಿಸಿಕೊಳ್ಳುವಿರಾದರೆ ಹೇಳಿ ಎಂದು ಕೇಳಿದರು. ಇದು ದೊಡ್ಡ ಮೊಕದ್ದಮೆ, ಇದರ ಸಂಭಾವನೆ ಕಳೆದುಕೊಳ್ಳುವ ಸ್ಥಿತಿಯಲ್ಲಿ ತಾನಿಲ್ಲ ಎಂಬುದನ್ನೂ ಮರೆಮಾಚಲಿಲ್ಲ. ಅದಾದ ಮೇಲೆ ರೈಲ್ವೆಯ ಕಡೆಗೆ ತಿರುಗಿದರು, 1856ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು, 5,000 ಡಾಲರ್ ಸಂಭಾವನೆಗೆ ಕಂಪನಿ ತಕರಾರು ಮಾಡಿದಾಗ 1857ರಲ್ಲಿ ಆ ಕಂಪನಿಯ ಮೇಲೇ ದಾವೆ ಹೂಡಿದರು. ಇಲ್ಲಿ ಹಣದ ಆಸೆಯಿದೆ, ಶಾಸಕನಾಗಿ ಗಳಿಸಿದ ಪರಿಚಯವಿದೆ, ದೊಡ್ಡ ಬಂಡವಾಳದ ಪರವಾದ ವಾದವಿದೆ. ಆದರೂ ನಮಗೆ ಅಸಹ್ಯವಾಗುವುದಿಲ್ಲ. ಯಾಕೆಂದರೆ ಪ್ರತಿ ಹೆಜ್ಜೆಯಲ್ಲೂ ಯಾರ ಹಕ್ಕು ಮೊದಲು, ಯಾರ ಹಣ, ಯಾರ ಪರ ಎಂಬುದು ಕಾಗದದ ಮೇಲಿದೆ. ಶಾಸಕ ವಕೀಲನಾಗುವುದು ತಪ್ಪಲ್ಲ, ಕಂಪನಿಯ ಪರ ಮಾತಾಡುವುದೂ ತಪ್ಪಲ್ಲ.

ಇಲ್ಲಿ ವಕೀಲಿಕೆಯ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಹಗುರವಾದದ್ದಲ್ಲ. ಲಾಬಿ ಎಂದರೆ ಅಹವಾಲು ಹೇಳಿಕೊಳ್ಳುವ ಹಕ್ಕು. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯೇ ಅದನ್ನು ಕಾಪಾಡುತ್ತದೆ. 1874ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಟ್ರಿಸ್ಟ್ ಪ್ರಕರಣದಲ್ಲಿ ಲಾಬಿಯ ಕರಾರಿಗೆ ಹಣ ಕೊಡಿಸಲು ಒಪ್ಪಲಿಲ್ಲ, ಜಾರ್ಜಿಯಾದ 1877ರ ಸಂವಿಧಾನ ಲಾಬಿಯನ್ನು ಅಪರಾಧವೆಂದೇ ಸಾರಿತು. ಆದರೆ ಕಾಲ ಆ ನಿಲುವನ್ನು ಬಿಟ್ಟು ಮುಂದೆ ಬಂದಿದೆ, ಬಂದದ್ದು ಸರಿಯೂ ಹೌದು. ಸ್ಪೀಕರ್ ಸೂಚಿಸಿದವರಿಗೆ ನಾಲ್ಕು ಕೆಲಸ ಕೊಟ್ಟು ಅವರ ಒಲವು ಗಳಿಸುವುದು ಲಂಚವಲ್ಲ, ಸದ್ಭಾವನೆ ಬೆಳೆಸುವ ಕ್ರಮ. ಇಂಥ ಕಾಯ್ದೆಗೆ ಇಂಥ ಉಡುಗೊರೆ ಎಂಬ ಕೊಡುಕೊಳ್ಳುವಿಕೆ ಎಲ್ಲಿದೆ ತೋರಿಸಿ ಎಂದು ಮೆಕ್‌ಕ್ಲೇನ್ ಕಡೆಯ ವಕೀಲರು ಕೇಳಿದರು. 2024ರ ಜೂನ್‌ನಲ್ಲಿ ಸ್ನೈಡರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಲಸವಾದ ಮೇಲೆ ಕೊಡುವ ಕೃತಜ್ಞತೆಯ ಕಾಣಿಕೆ ಈ ಲಂಚದ ಆರೋಪಗಳಿಗೆ ಆಧಾರವಾಗಿದ್ದ ಕೇಂದ್ರ ಕಾಯ್ದೆಯ ಅಡಿಯಲ್ಲಿ ಲಂಚವಾಗುವುದಿಲ್ಲ ಎಂದು ಹೇಳಿದಾಗ ಈ ವಾದಕ್ಕೆ ಬಲ ಬಂತು. 2025ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಮನೀಶ್ ಶಾ ಮೆಕ್‌ಕ್ಲೇನ್ ಮತ್ತಿತರರ ಮೇಲಿನ ಲಂಚದ ಆರೋಪಗಳ ತೀರ್ಪನ್ನು ರದ್ದುಮಾಡಿದರು. ಹಾಗಾದರೆ ಅವರ ನಿಷ್ಠೆ ನಿರ್ದೋಷಿಯೇ?

ಆ ಆದೇಶದ ನಂತರ ಏನು ಉಳಿಯಿತು ಎಂಬುದನ್ನು ಗಮನಿಸಬೇಕು. ಉಳಿದದ್ದು ಒಳಸಂಚಿನ ಆರೋಪ ಮತ್ತು ಕಂಪನಿಯ ಲೆಕ್ಕಪುಸ್ತಕಗಳನ್ನು ಸುಳ್ಳಾಗಿಸಿದ ಆರೋಪ. ಮೆಕ್‌ಕ್ಲೇನ್ ಅವರಿಗೆ ಶಿಕ್ಷೆಯಾದದ್ದು ಇವುಗಳಿಗೇ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ ಇದು. ಸದ್ಭಾವನೆ, ಕೃತಜ್ಞತೆ, ಗೆಳೆತನ ಎಲ್ಲವೂ ನಿಜವೇ ಆಗಿದ್ದರೆ ಅವನ್ನು ಅವುಗಳ ಹೆಸರಿನಲ್ಲೇ ಬರೆದಿಡಲು ಏನಡ್ಡಿ? ‘ಸ್ಪೀಕರ್ ಬಯಸಿದ್ದಾರೆ, ಆದ್ದರಿಂದ ಇವರಿಗೆ ತಿಂಗಳಿಗೆ ಇಷ್ಟು’ ಎಂದು ಪುಸ್ತಕದಲ್ಲಿ ಕಾಣಿಸಬಹುದಿತ್ತಲ್ಲ. ಹಾಗೆ ಬರೆಯಲಾಗಲಿಲ್ಲ. ಸಲಹೆಗಾರರ ಶುಲ್ಕ ಎಂದು ಬರೆಯಬೇಕಾಯಿತು, ಅದೂ ಇನ್ನೊಬ್ಬರ ಗುತ್ತಿಗೆಯೊಳಗೆ ಹುದುಗಿಸಿ. ಲಂಚಕ್ಕೂ ಕಾಣಿಕೆಗೂ ನಡುವಿನ ಗೆರೆ ಎಲ್ಲಿ ಎಂದು ನ್ಯಾಯಾಲಯಗಳು ಇನ್ನೂ ನೂರು ವರ್ಷ ವಾದಿಸಲಿ. ತಾನು ಮಾಡುತ್ತಿರುವುದಕ್ಕೆ ಅದರದೇ ಹೆಸರು ಕೊಡಲಾಗದೆ ಹೋದಾಗ ಮನುಷ್ಯನ ಅಂತರಂಗಕ್ಕೆ ಗೆರೆ ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಅಡಗಿಸಿದವನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿರುತ್ತಾನೆ.

ಇನ್ನೊಂದು ಸಮರ್ಥನೆ ಕರುಣೆಯ ಹೆಸರಿನದು. ಹಣ ಪಡೆದವರಲ್ಲಿ ವಾರ್ಡಿನ ಹಳೆಯ ಕಾರ್ಯಕರ್ತರಿದ್ದರು, ದಶಕಗಳ ಕಾಲ ಮನೆ ಮನೆ ಬಾಗಿಲು ತಟ್ಟಿದವರು. ಅವರ ಕೈ ಬಿಡದಿರುವುದು ಸಜ್ಜನಿಕೆಯಲ್ಲವೇ? ಷಿಕಾಗೋ ರಾಜಕೀಯದ ಚರಿತ್ರೆ ಇದಕ್ಕೆ ಹಿನ್ನೆಲೆ. ದುಡಿದ ಕಾರ್ಯಕರ್ತನಿಗೆ ಸರಕಾರಿ ನೌಕರಿ ಕೊಡುವುದು ಅಲ್ಲಿನ ಪಕ್ಷಯಂತ್ರದ ರೂಢಿಯಾಗಿತ್ತು. 1969ರಲ್ಲಿ ಶುರುವಾದ ಶಾಕ್‌ಮನ್ ಮೊಕದ್ದಮೆ, 1972 ಮತ್ತು 1983ರ ನ್ಯಾಯಾಲಯದ ಒಪ್ಪಂದಗಳು ಆ ರೂಢಿಯ ಬೇರು ಕಡಿದವು. ಸಾರ್ವಜನಿಕ ನೌಕರಿಯ ಬಾಗಿಲು ಮುಚ್ಚಿದಂತೆ, ಸರಕಾರದ ಕೃಪೆಗೆ ಕಾದಿರುವ ಖಾಸಗಿ ಕಂಪನಿಗಳ ಬಾಗಿಲು ತಟ್ಟುವುದು ಮುಂದಿನ ಹೆಜ್ಜೆಯಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ಕಾರ್ಯಕರ್ತರ ಬಗೆಗಿನ ಕಾಳಜಿ ಸುಳ್ಳೆಂದು ಹೇಳುವುದಿಲ್ಲ. ಆದರೆ ದಾನಕ್ಕೆ ಒಂದು ಕನಿಷ್ಠ ನಿಯಮವಿದೆ: ಕೊಡುವುದು ತನ್ನದಾಗಿರಬೇಕು. ಇಲ್ಲಿ ಕೊಟ್ಟದ್ದು ಮ್ಯಾಡಿಗನ್ ಅವರ ಜೇಬಿನದಲ್ಲ, ಮೆಕ್‌ಕ್ಲೇನ್ ಅವರದೂ ಅಲ್ಲ. ತಿಂಗಳ ಬಿಲ್ಲು ಕಟ್ಟಿದ ಮನೆಗಳ ಹಣದಿಂದ ನಡೆಯುವ ಕಂಪನಿಯದು, ಮತ್ತು ಅದರ ಬೆಲೆಯಾಗಿ ಒತ್ತೆಯಿಟ್ಟದ್ದು ಅದೇ ಮನೆಗಳವರು ನಂಬಿದ್ದ ಸದನದ ನ್ಯಾಯಬುದ್ಧಿ.

ಅತ್ಯಂತ ಗಟ್ಟಿಯಾದ ಆಕ್ಷೇಪ ಕಾನೂನಿನದೂ ಅಲ್ಲ, ಕರುಣೆಯದೂ ಅಲ್ಲ, ಗೆಳೆತನದ ಪಾವಿತ್ರ್ಯದ್ದು. ದೇಶಕ್ಕೆ ದ್ರೋಹ ಬಗೆಯುವುದೋ ಗೆಳೆಯನಿಗೋ ಎಂಬ ಆಯ್ಕೆ ಬಂದರೆ ಗೆಳೆಯನ ಪರ ನಿಲ್ಲುವ ಧೈರ್ಯ ತನಗಿರಲಿ ಎಂದು ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1938ರಲ್ಲಿ ಆಶಿಸಿದರು. ಮಕ್ಕಳಿಂದ ಹೆತ್ತವರ ಮೇಲೆ ಚಾಡಿ ಹೇಳಿಸುವ ಪ್ರಭುತ್ವಗಳು ಎದ್ದುನಿಂತಿದ್ದ ಆ ವರ್ಷಗಳಲ್ಲಿ ಅದು ಹೇಳಲೇಬೇಕಾದ ಮಾತಾಗಿತ್ತು. ಆದರೆ ಫಾರ್ಸ್ಟರ್ ಕಲ್ಪಿಸಿದ ನಿಷ್ಠಾವಂತ ಬೆಲೆ ತೆರುವುದು ತನ್ನ ಮೈಮೇಲೆ. ಗೆಳೆಯನಿಗಾಗಿ ತಾನು ಸಾಯಲು ಸಿದ್ಧನಾಗುವುದಕ್ಕೂ, ಗೆಳೆಯನಿಗಾಗಿ ಅಪರಿಚಿತರ ಪಾಲನ್ನು ತೆಗೆದುಕೊಡುವುದಕ್ಕೂ ಹೋಲಿಕೆಯೇ ಇಲ್ಲ. ಇದನ್ನು ಅಮೆರಿಕದ ದಾರ್ಶನಿಕ ಜೊಸೈಯಾ ರಾಯ್ಸ್ 1908ರ ತಮ್ಮ ನಿಷ್ಠೆಯ ಕುರಿತ ಗ್ರಂಥದಲ್ಲಿ ಚೆನ್ನಾಗಿ ಕಂಡರು. ರಾಯ್ಸ್ ನಿಷ್ಠೆಯ ವೈರಿಯಲ್ಲ. ನೀತಿಯೆಲ್ಲ ಅದರಿಂದಲೇ ಬೆಳೆಯುತ್ತದೆ ಎಂದವರು. ಅದಕ್ಕೇ ಅವರು ಇಟ್ಟ ಪರೀಕ್ಷೆಗೆ ತೂಕವಿದೆ: ನಿನ್ನ ನಿಷ್ಠೆ ಇತರರು ನಿಷ್ಠರಾಗಿ ಬದುಕುವ ಸಾಧ್ಯತೆಯನ್ನು ಬೆಳೆಸುತ್ತದೆಯೋ, ಕೊಲ್ಲುತ್ತದೆಯೋ? ಪಾಳಿಯಲ್ಲಿ ನಿಂತು ಅರ್ಜಿ ಹಾಕಿದ ನಾಗರಿಕ, ಮತದಾರನ ಮಾತು ಸದನಕ್ಕೆ ಮುಟ್ಟಿಸಲು ಹೊರಟ ಹೊಸ ಶಾಸಕ, ಪ್ರಾಮಾಣಿಕವಾಗಿ ಲೆಕ್ಕ ಬರೆಯುವ ಗುಮಾಸ್ತ ಇವರ ನಿಷ್ಠೆಗಳೆಲ್ಲ ವ್ಯರ್ಥವೆನಿಸುವಂತೆ ಮಾಡುವ ಒಂದು ನಿಷ್ಠೆ ರಾಯ್ಸ್ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ನಿಷ್ಠೆಯನ್ನೇ ಕೊನೆಯ ಗುಣವಾಗಿಸಿಕೊಂಡವನು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2012ರ ಒಂದು ಮಿಂಚಂಚೆ ಇದೆ. ಶಿಸ್ತುಕ್ರಮ ಎದುರಿಸುತ್ತಿದ್ದ ಒಬ್ಬ ಸರಕಾರಿ ನೌಕರನ ಮೇಲೆ ಕರುಣೆ ತೋರುವಂತೆ ಮೆಕ್‌ಕ್ಲೇನ್ ರಾಜ್ಯಪಾಲರ ಸಿಬ್ಬಂದಿಗೆ ಬರೆದದ್ದು, 2020ರಲ್ಲಿ ಬಹಿರಂಗವಾಯಿತು. ಆ ನೌಕರನ ಯೋಗ್ಯತೆಯಾಗಿ ಅವರು ಎತ್ತಿ ಹೇಳಿದ್ದು ಅವನು ಆಡಳಿತಕ್ಕೆ ನಿಷ್ಠ ಎಂಬುದನ್ನು, ಕೆಲಸ ಮಾಡದೆ ಸಂಬಳ ತಿನ್ನುವವರ ವಿಷಯದಲ್ಲೂ ಒಂದು ಊರಿನಲ್ಲಿ ನಡೆದ ಅತ್ಯಾಚಾರದ ವಿಷಯದಲ್ಲೂ ಅವನು ಬಾಯಿ ಮುಚ್ಚಿಕೊಂಡಿದ್ದ ಎಂಬುದನ್ನು. ಬರೆದವರಿಗೆ ಆ ವಾಕ್ಯ ಭಯಂಕರವೆಂದು ಅನಿಸಲಿಲ್ಲ. ಶಿಫಾರಸು ಎಂದೇ ಅನಿಸಿತು. ಒಬ್ಬ ಹೆಣ್ಣಿನ ಸಂಕಟ ಅಲ್ಲಿ ಇನ್ನೊಬ್ಬನ ಗುಣಕ್ಕೆ ಪುರಾವೆಯಾಗಿ ಮಾತ್ರ ಬಂದುಹೋಗುತ್ತದೆ. ಇದು ಒಬ್ಬ ಕ್ರೂರಿಯ ಬರಹವಲ್ಲ ಎಂದೇ ನಾನು ನಂಬುತ್ತೇನೆ, ಮತ್ತು ಅದಕ್ಕಾಗಿಯೇ ಹೆಚ್ಚು ಭಯವಾಗುತ್ತದೆ. ನಿಷ್ಠೆಯನ್ನು ಅಳೆಯಲು ಹೊರಗಿನ ಬೇರೆ ಯಾವ ಮಾನದಂಡವೂ ಉಳಿಯದಾಗ, ಎಷ್ಟು ದೊಡ್ಡ ಅನ್ಯಾಯದ ಎದುರು ಬಾಯಿ ಮುಚ್ಚಿದೆ ಎಂಬುದೇ ಅದರ ಅಳತೆಯಾಗುತ್ತದೆ.

ಗೆಳೆಯನಿಗೆ ಆಗ ಮಾಡಬೇಕಾದದ್ದೇನು? ರೋಮಿನ ಚಿಂತಕ ಸಿಸಿರೋ ತನ್ನ ಸ್ನೇಹದ ಸಂವಾದದಲ್ಲಿ ಬ್ಲೋಸಿಯಸ್ ಎಂಬವನ ಕಥೆ ಹೇಳುತ್ತಾನೆ. ತನ್ನ ಗೆಳೆಯ ಟೈಬೀರಿಯಸ್ ಗ್ರಾಕಸ್ ಹೇಳಿದ್ದರೆ ರೋಮಿನ ಗುಡಿಗೇ ಬೆಂಕಿ ಇಡುತ್ತಿದ್ದೆಯಾ ಎಂದು ಕೇಳಿದಾಗ ಅವನು, ಗೆಳೆಯ ಹಾಗೆ ಎಂದೂ ಹೇಳುತ್ತಿರಲಿಲ್ಲ, ಹೇಳಿದ್ದರೆ ಮಾಡುತ್ತಿದ್ದೆ ಎಂದನಂತೆ. ಸ್ನೇಹದ ಮೊದಲ ನಿಯಮವಾಗಿ ಸಿಸಿರೋ ಎರಡು ಮಾತು ಇಡುತ್ತಾನೆ: ಹೀನವಾದುದನ್ನು ಕೇಳಬೇಡ, ಕೇಳಿದರೆ ಮಾಡಬೇಡ. ಸ್ಪ್ರಿಂಗ್‌ಫೀಲ್ಡಿನಲ್ಲಿ ನಡೆದದ್ದು ಇವೆರಡಕ್ಕೂ ಸಿಗದ ಮೂರನೆಯದು. ಮ್ಯಾಡಿಗನ್ ಕೈಫೋನು ಬಳಸುತ್ತಿರಲಿಲ್ಲ, ಮಿಂಚಂಚೆಯನ್ನೂ ಬಳಸುತ್ತಿರಲಿಲ್ಲ, ಅಷ್ಟು ಎಚ್ಚರ. ಕೇಳುವ ಅಗತ್ಯವೇ ಬಾರದಂತೆ ಗೆಳೆಯ ಮುಂದಾಗಿ ನಿಂತಿದ್ದರು. ಪರಿಪೂರ್ಣ ನಿಷ್ಠೆ ಒಡೆಯನನ್ನು ಕೇಳುವ ನಾಚಿಕೆಯಿಂದ ಪಾರುಮಾಡುತ್ತದೆ, ಮತ್ತು ಆ ನಾಚಿಕೆಯೇ ಮನುಷ್ಯನನ್ನು ತಡೆಯಬಲ್ಲ ಕೊನೆಯ ಅಡ್ಡಿ. ವಿದುರನೂ ಹಸ್ತಿನಾವತಿಯ ಅನ್ನವನ್ನೇ ಉಂಡವನು. ದ್ಯೂತದ ಸಭೆಯಲ್ಲಿ ಎದ್ದು ಬೈದವನು ಅವನು. ಕುಮಾರವ್ಯಾಸನ ಕಥೆಯಲ್ಲಿ ದುರ್ಯೋಧನನ ಅವಮಾನಕ್ಕೆ ಬಿಲ್ಲು ಮುರಿದು ಹೊರನಡೆದವನೂ ಅವನೇ. ಧೃತರಾಷ್ಟ್ರನಿಗೆ ಅವನು ಕಡಿಮೆ ನಿಷ್ಠನಾಗಿರಲಿಲ್ಲ. ಕೇಳಿಸಿಕೊಳ್ಳಲು ಮನಸ್ಸಿದ್ದಿದ್ದರೆ ಆ ಮನೆಯನ್ನು ಉಳಿಸಬಹುದಾಗಿದ್ದ ಮಾತು ಅವನೊಬ್ಬನ ಬಳಿ ಇತ್ತು.

ಶಾಸಕರು ಲಾಬಿಗೆ ಇಳಿಯುವ ಮುನ್ನ ಒಂದಿಷ್ಟು ಕಾಲ ಕಾಯಬೇಕೆಂಬ ನಿಯಮವನ್ನು ಇಲಿನಾಯ್ 2021ರ ಕಾಯ್ದೆಯಲ್ಲಿ ತಂದಿತು, ಆರು ತಿಂಗಳ ಅವಧಿಗೆ. ಇದ್ದರೆ ಒಳ್ಳೆಯದೇ, ಇನ್ನೂ ದೀರ್ಘವಾಗಿದ್ದರೆ ಇನ್ನೂ ಒಳ್ಳೆಯದು. ಆದರೆ 1982ರಲ್ಲಿ ಸದನ ಬಿಟ್ಟವರ 2018ರ ಫೋನ್ ಕರೆಗಳನ್ನು ಯಾವ ಕಾಯುವ ಅವಧಿಯೂ ಮುಟ್ಟುತ್ತಿರಲಿಲ್ಲ. ತನಿಖಾಧಿಕಾರಿಗಳು ಕದ್ದಾಲಿಸಿದ ಆ ಕರೆಗಳು ನಡೆದದ್ದು ಮೆಕ್‌ಕ್ಲೇನ್ ನಿವೃತ್ತರಾದ ಮೇಲೆ. ಹೊಟ್ಟೆಪಾಡಿಗಾಗಿ ಆ ಸೇವೆ ಮಾಡಬೇಕಾದ ಒತ್ತಾಯ ಅವರಿಗಿರಲಿಲ್ಲ. ಮಿಂಚಂಚೆ ಬರೆಯದ, ಕೈಫೋನು ಮುಟ್ಟದ ಸ್ಪೀಕರ್ ಅವರ ದನಿ ನ್ಯಾಯಾಲಯದಲ್ಲಿ ಕೇಳಿಸಿದ್ದು ಬಹುಪಾಲು ಗೆಳೆಯನ ಫೋನಿನ ಮೂಲಕ. 2025ರ ಫೆಬ್ರವರಿಯಲ್ಲಿ ಜ್ಯೂರಿ ಮ್ಯಾಡಿಗನ್ ಅವರನ್ನು ಹತ್ತು ಆರೋಪಗಳಲ್ಲಿ ಅಪರಾಧಿ ಎಂದಿತು, ಜೂನ್‌ನಲ್ಲಿ ಏಳೂವರೆ ವರ್ಷದ ಶಿಕ್ಷೆಯಾಯಿತು. ಸೇತುವೆಯ ಮೇಲೆ ಕೋವಿ ಹಿಡಿದು ಕಾಯುತ್ತೇನೆ ಎಂದವರ ಮೂಲಕವೇ ತನಿಖೆ ಆ ಮನೆಯನ್ನು ಹೊಕ್ಕಿತು. ಅಷ್ಟು ವರ್ಷಗಳಲ್ಲಿ ಒಂದು ಸಲವಾದರೂ ಅವರು ‘ಇದು ಬೇಡ’ ಎಂದಿದ್ದರೆ, ಗೆಳೆತನಕ್ಕೆ ಅದಕ್ಕಿಂತ ದೊಡ್ಡ ಸೇವೆ ಇನ್ನೊಂದಿರುತ್ತಿರಲಿಲ್ಲ.